ಆರೋಪಿಗೊಂದು ಸೀಯಾಳ

ನಮ್ಮ ಅತ್ತೆ ತೀರಿಕೊಂಡ ದಿನ ಎಲ್ಲರಿಗಿಂತ ದೊಡ್ಡ ನೆಮ್ಮದಿಯ ಉಸಿರು ಬಿಟ್ಟವರು ಯಾರೆಂದು ಕೇಳಿದರೆ ನಾನು ಧೈರ್ಯವಾಗಿ ಹೇಳುತ್ತೇನೆ: ನಮ್ಮ ಮನೆಯ ದೈವ! ನೆಂಟರಲ್ಲ, ನೆರೆಕರೆಯವರಲ್ಲ, ನಮ್ಮ ಹೂ ಕೊಳ್ಳುವ ಕಟಪಾಡಿಯ ಮಲ್ಲಿಗೆ ಏಜೆಂಟನೂ ಅಲ್ಲ. ಅವರಿಗೆಲ್ಲ ಅತ್ತೆಯಿಂದ ಆಗಾಗ ಬಿಡುವು ಸಿಗುತ್ತಿತ್ತು. ದೈವಕ್ಕೆ ಸಿಗುತ್ತಿರಲಿಲ್ಲ. ಬೆಳಿಗ್ಗೆ ದೂರು, ಸಂಜೆ ಅದೇ ದೂರು ವಾಪಸ್! ಪಾಪದ ದೈವ ಎಂತ ಮಾಡುತ್ತದೆ ಹೇಳಿ?

ಅವರು ನನ್ನ ಅಪ್ಪನ ಅಕ್ಕ. ನನ್ನ ಗಂಡನ ತಾಯಿ. ಅಂದರೆ ಹುಟ್ಟಿನಿಂದಲೂ ಅತ್ತೆ, ಮದುವೆಯಿಂದಲೂ ಅತ್ತೆ. ತಪ್ಪಿಸಿಕೊಳ್ಳಲು ಕಿಟಕಿ ಬಾಗಿಲು ಯಾವುದೂ ಇಲ್ಲದ ಸಂಬಂಧ! ನಾನು ಹತ್ತನೇ ತರಗತಿಗೆ ಶಾಲೆ ಬಿಟ್ಟವಳು. ಮಣಿಪಾಲದ ಒಂದು ಪ್ರೆಸ್ಸಿನಲ್ಲಿ ಪುಸ್ತಕ ಹೊಲಿಯುವ ಕೆಲಸ. ಬೇರೆಯವರು ಬರೆದದ್ದನ್ನು ಹೊಲಿದು ಗೊತ್ತೇ ಹೊರತು ಬರೆದು ಗೊತ್ತಿಲ್ಲ. ಆದರೆ ಅತ್ತೆ ಹೋದ ಮೇಲೆ ಮನೆಯಲ್ಲಿ ಜಗಳ ಮಾಡಲಿಕ್ಕೆ ಜನ ಇಲ್ಲದೆ ಕೈಗೆ ಪೆನ್ನು ಬಂದಿದೆ.

ಕಾಪು ಪೇಟೆಯಿಂದ ಪೂರ್ವಕ್ಕೆ ಒಳಗೆ ಹೋದರೆ ನಮ್ಮ ಮನೆ. ಎದುರಿಗೆ ಮಲ್ಲಿಗೆ ಗಿಡಗಳು. ಹಿಂದೆ ಗಿಡ್ಡ ಜಾತಿಯ ಕೆಲವು ತೆಂಗಿನ ಮರಗಳು. ಅದರಾಚೆ ದೈವದ ಗುಡಿ. ಗುಡಿ ಎಂದರೆ ದೊಡ್ಡದಲ್ಲ, ಒಬ್ಬರು ಬಗ್ಗಿ ಒಳಗೆ ಹೋಗಬಹುದಾದಷ್ಟು. ನಮ್ಮ ಕಡೆ ಅನ್ಯಾಯವಾದವರು ಪೊಲೀಸರ ಹತ್ತಿರ ಹೋಗುವ ಮೊದಲು ದೈವದ ಹತ್ತಿರ ಹೋಗುವುದುಂಟು. ದೀಪ ಹಚ್ಚಿ, ಎದುರಿಗೆ ನಿಂತು, ಆದದ್ದನ್ನು ಹೇಳಿ, ಕೊನೆಯಲ್ಲಿ ‘ನೀನೇ ನೋಡಿಕೋ’ ಎಂದರೆ ದೂರು ಕೊಟ್ಟ ಹಾಗೆ. ಇದು ಆಟವಲ್ಲ. ದೈವ ಒಮ್ಮೆ ಹಿಡಿದ ದೂರನ್ನು, ಹೇಳಿದವರೇ ಬಂದು ಬಿಡಿಸುವ ತನಕ ಬಿಡುವುದಿಲ್ಲ ಎಂದು ನಂಬಿಕೆ. ತಪ್ಪು ಮಾಡಿದವನನ್ನು ಮಾತ್ರವಲ್ಲ, ಅವನ ಮಕ್ಕಳನ್ನೂ ಹಿಡಿಯುತ್ತದಂತೆ. ಆದ್ದರಿಂದ ಸಾಮಾನ್ಯರು ಜೀವಮಾನದಲ್ಲಿ ಒಂದೋ ಎರಡೋ ದೂರು ಕೊಡುತ್ತಾರೆ, ಅದೂ ಹೆದರಿ ಹೆದರಿ. ನಮ್ಮ ಅತ್ತೆ? ವಾರದ ಸಂತೆಗೆ ಹೋದ ಹಾಗೆ!

ಅತ್ತೆಯ ಸಿಟ್ಟು ತೆಂಗಿನ ಗರಿಗೆ ಹಿಡಿದ ಬೆಂಕಿ. ಭಗ್ಗೆಂದು ಏಳುತ್ತದೆ, ನೀವು ನೀರು ತರುವುದರೊಳಗೆ ಬೂದಿ. ಕೋಳಿ ಕಾಣಲಿಲ್ಲವೋ, ಬೇಲಿ ಮುರಿಯಿತೋ, ಏಜೆಂಟ ನಾವು ಕಟ್ಟಿದ ಮಲ್ಲಿಗೆಯ ಚೆಂಡನ್ನು ಸಣ್ಣದು ಎಂದನೋ, ಸೀದಾ ಗುಡಿಗೆ. ದೈವಕ್ಕೆ ತುಳು ಬಿಟ್ಟು ಬೇರೆ ಭಾಷೆ ಬರುವುದಿಲ್ಲ ಎಂದು ಅವರ ನಂಬಿಕೆ. ಹಾಗಾಗಿ ಅಚ್ಚ ತುಳುವಿನಲ್ಲಿ ದೂರು. ದೈವವನ್ನು ಅವರು ‘ಅವ’ ಎನ್ನುತ್ತಿದ್ದರು, ಮನೆಯಲ್ಲಿ ಮೂಲೆ ಹಿಡಿದು ಕೂತ ಹಿರಿಯ ಗಂಡಸಿನ ಬಗ್ಗೆ ಹೇಳಿದ ಹಾಗೆ. ದೂರು ಕೊಟ್ಟು ಬಂದವರು ಊಟ ಮಾಡುವರೇ? ಇಲ್ಲ. ಅನ್ನದ ಮುಂದೆ ಕೂತು ಚಡಪಡಿಸುವುದು.

“ಅವ ಈಗ ಹೊರಟಿರಬಹುದಾ?”

“ಯಾರು ಅತ್ತೆ?”

“ಅವ ಮಾರಾಯ್ತಿ! ಅವನಿಗೆ ಸಾವಕಾಶ ಎಂಬುದು ಗೊತ್ತಿಲ್ಲ. ಹೇಳಿದ ಕೂಡಲೇ ಹೊರಡುವ ಜಾತಿ!”

ಹಾಗೆಂದು ಬಟ್ಟಲನ್ನು ಅಲ್ಲೇ ಬಿಟ್ಟು ಓಡುವುದು. ಓಡುವಾಗ ಕೊಕ್ಕೆಯಿಂದ ಒಂದು ಸೀಯಾಳ ಕೀಳುವುದು. ಘಟ್ಟದ ಮೇಲಿನವರು ಎಳನೀರು ಎನ್ನುತ್ತಾರಲ್ಲ, ಅದೇ. ಅದನ್ನು ಗುಡಿಯ ಎದುರಿಟ್ಟು ಹೇಳುವುದು: “ಸಿಟ್ಟಿನಲ್ಲಿ ಹೇಳಿದ್ದು. ಮನಸ್ಸಿಗೆ ಹಚ್ಚಿಕೊಳ್ಳಬೇಡ. ಬಿಟ್ಟುಬಿಡು.” ಇಷ್ಟೇ ಮಂತ್ರ. ಆಮೇಲೆ ಆ ಸೀಯಾಳವನ್ನು ಯಾರ ಮೇಲೆ ದೂರು ಇತ್ತೋ ಅವರೇ ಕುಡಿಯಬೇಕು. ಅದು ಅತ್ತೆಯೇ ಮಾಡಿಕೊಂಡ ಕಾನೂನು. ಬೇರೆ ಎಲ್ಲೂ ಇಲ್ಲ. ಇದರಿಂದ ಆದದ್ದೇನು? ಅತ್ತೆ ಪ್ರೀತಿಯಿಂದ “ಬಾ, ಒಂದು ಸೀಯಾಳ ಕುಡಿದು ಹೋಗು” ಎಂದರೆ ಸಾಕು, ಊರಿನ ಗಟ್ಟಿ ಆಳುಗಳೂ ಬಿಳಿಚಿಕೊಳ್ಳುತ್ತಿದ್ದರು!

ಮದುವೆಯಾದ ಮೊದಲ ವರ್ಷ ನಾನು ಎಷ್ಟು ಸೀಯಾಳ ಕುಡಿದೆ ಎಂದು ಕೇಳಬೇಡಿ. ನನ್ನ ಚರ್ಮ ಹೊಳೆಯುತ್ತದೆ ಎಂದು ಪ್ರೆಸ್ಸಿನ ಹುಡುಗಿಯರು ಅಸೂಯೆಪಟ್ಟರು! ಗಂಡ ಕೆಲಸದಿಂದ ಬಂದು ಅಂಗಳದಲ್ಲಿ ಬಿದ್ದ ಸೀಯಾಳದ ಬುರುಡೆ ನೋಡಿ ನಗುತ್ತಿದ್ದರು. “ಇವತ್ತು ಎಂತ ಮಾಡಿದೆ ಮಾರಾಯ್ತಿ?”

“ಸಾರಿಗೆ ಉಪ್ಪು ಹೆಚ್ಚಾಯಿತು.”

“ಅಷ್ಟೇನಾ? ನಾನು ಸಣ್ಣವನಿದ್ದಾಗ ದಿನಕ್ಕೆ ಎರಡು ಕುಡಿದವ!”

ನಮ್ಮ ನೆರೆಯಲ್ಲಿ ಒಬ್ಬರು ಕ್ರಿಶ್ಚಿಯನ್ ಹೆಂಗಸು. ಕೊಂಕಣಿ ಮಾತಾಡುವವರು. ಊರಿಗೆಲ್ಲ ಅವರು ಬಾಯಮ್ಮ. ಅವರಿಗೂ ಮಲ್ಲಿಗೆ ಗಿಡ ಇತ್ತು. ಒಂದು ವರ್ಷ ಮೊಂತಿ ಹಬ್ಬದ, ಅಂದರೆ ಕನ್ಯಾಮಾತೆಯ ಹುಟ್ಟುಹಬ್ಬದ ಸಮಯ. ಆ ಹಬ್ಬಕ್ಕೆ ಮೊದಲು ಅವರಲ್ಲಿ ಮಕ್ಕಳು ದಿನಾ ಇಗರ್ಜಿಗೆ, ಅಂದರೆ ಚರ್ಚಿಗೆ, ಹೂ ಒಯ್ದು ಮಾತೆಗೆ ಅರ್ಪಿಸುತ್ತಾರೆ. ಅದೇ ದಿನಗಳಲ್ಲಿ ನಮ್ಮ ಗಿಡದ ಮೊಗ್ಗು ಬೆಳಗಾಗುವುದರೊಳಗೆ ಮಾಯ! ಅತ್ತೆ ಗುಡಿಗೆ ಹೋಗಿ, “ಕಿತ್ತವರ ಕೈ ಮೇಲೆ ಏಳದ ಹಾಗೆ ಆಗಲಿ, ನೀನೇ ನೋಡಿಕೋ” ಎಂದು ಬಂದರು. ಮರುದಿನ ನೋಡಿದರೆ ಬಾಯಮ್ಮನ ಬಲಗೈ ಕುತ್ತಿಗೆಯಿಂದ ಜೋಲಿಯಲ್ಲಿ ನೇತಾಡುತ್ತಿದೆ!

ಅತ್ತೆ ಓಡಿದರು. ಕೊಕ್ಕೆ, ಸೀಯಾಳ, ಗುಡಿ, ಮಂತ್ರ. ಎಲ್ಲ ಮುಗಿಸಿ ಸೀಯಾಳ ಹಿಡಿದುಕೊಂಡು ಬೇಲಿಯ ಹತ್ತಿರ ನಿಂತರು.

“ಬಾಯಮ್ಮ, ಇದನ್ನು ಕುಡಿಯಿರಿ.”

“ಅಯ್ಯೋ ಅಕ್ಕ! ನಾನು ಬಾವಿಕಟ್ಟೆಯಲ್ಲಿ ಪಾಚಿಗೆ ಜಾರಿದ್ದು!”

“ಪಾಚಿಗೋ ಮತ್ತೆಂತಕ್ಕೋ. ಮೊದಲು ಕುಡಿಯಿರಿ.”

ಬಾಯಮ್ಮ ಎಡಗೈಯಲ್ಲಿ ಕುಡಿದರು. ಕುಡಿದು ಮುಗಿಯುವಷ್ಟರಲ್ಲಿ ಕಣ್ಣಲ್ಲಿ ನೀರು. “ಮಳೆಗೆ ನಮ್ಮ ಗಿಡದ ಮೊಗ್ಗೆಲ್ಲ ಕೊಳೆತು ಹೋಯಿತು ಅಕ್ಕ. ಮಗಳು ಖಾಲಿ ಕೈಯಲ್ಲಿ ಇಗರ್ಜಿಗೆ ಹೋಗುವುದು ಹೇಗೆ? ಕೇಳುವ ಅಂದರೆ ನೀವು ಮಲಗಿದ್ದಿರಿ. ಒಂದು ಮುಷ್ಟಿ ತೆಗೆದೆ. ಮಾತೆಗೆ ಹಾಕಿದ್ದು.”

ಅತ್ತೆ ಎದೆಗೆ ಕೈ ಇಟ್ಟುಕೊಂಡರು. “ನಿಮ್ಮ ಅಮ್ಮನ ಪಾದದ ಹೂವಿನ ಮೇಲೆ ನಾನು ದೂರು ಕೊಟ್ಟೆನಾ?” ಆ ಸಂಜೆ ಅತ್ತೆ ಒಂದು ಉದ್ದನೆಯ ಮಲ್ಲಿಗೆ ಮಾಲೆಯನ್ನು ಬಾಳೆನಾರಿನಲ್ಲಿ ಕಟ್ಟಿ ಬಾಯಮ್ಮನ ಮಗಳ ಕೈಯಲ್ಲಿ ಇಗರ್ಜಿಗೆ ಕಳಿಸಿದರು. ಜೊತೆಗೆ ಒಂದು ಸಂದೇಶ: “ಸಿಟ್ಟಿನಲ್ಲಿ ಹೇಳಿದ್ದು ಎಂದು ಇಗರ್ಜಿಯ ಅಮ್ಮನಿಗೆ ಹೇಳು. ಕೊಂಕಣಿಯಲ್ಲಿ ಹೇಳು!”

ಈ ವಿಷಯದಲ್ಲಿ ಇಬ್ಬರಿಗೂ ಬೇಲಿಯ ಬದಿಯಲ್ಲಿ ದೊಡ್ಡ ಚರ್ಚೆ ಆಯಿತು. ಬಾಯಮ್ಮ ಹೇಳಿದರು, “ನಮ್ಮಲ್ಲಿ ತಪ್ಪು ಮಾಡಿದವರು ಹೋಗಿ ಪಾದ್ರಿಗಳ ಹತ್ತಿರ ಒಪ್ಪಿಕೊಂಡರೆ ದೇವರು ಕ್ಷಮಿಸುತ್ತಾರೆ ಅಕ್ಕ.”

“ನಿಮ್ಮದು ಸುಲಭ!” ಎಂದರು ಅತ್ತೆ. “ನಿಮ್ಮಲ್ಲಿ ಮಾಡಿದವ ನಡೆಯಬೇಕು. ನಮ್ಮಲ್ಲಿ ಅನುಭವಿಸಿದವಳು ನಡೆಯಬೇಕು. ಅವನಿಗೆ ನ್ಯಾಯ ಕೊಡುವುದು ಹೇಗೆ ಎಂದು ಗೊತ್ತುಂಟು. ಬಿಡುವುದನ್ನು ನಾವೇ ಹೋಗಿ ನೆನಪು ಮಾಡಬೇಕು. ನನ್ನ ಮೊಣಗಂಟು ಸವೆದದ್ದು ಸುಮ್ಮನೆಯಾ?”

ಬಸ್ಸಿನ ಕಥೆ ಕೇಳಿ. ನಮ್ಮ ಕಡೆಯ ಬಸ್ಸುಗಳು ಎಷ್ಟು ವೇಗ ಎಂದರೆ ನೀವು ಕೈ ಎತ್ತಿದ ಮೇಲೆ ಬಸ್ಸು ಬರುವುದಲ್ಲ, ಬಸ್ಸು ಹೋದ ಮೇಲೆ ನಿಮ್ಮ ಕೈ ಏಳುವುದು! ಒಂದು ದಿನ ಅತ್ತೆ ಕಾರ್ಕಳಕ್ಕೆ ಹೋಗಲಿಕ್ಕೆ ಹೂವಿನ ಪೊಟ್ಟಣ ಹಿಡಿದು ನಿಂತಿದ್ದರೆ ಬಸ್ಸು ಧೂಳು ಹಾರಿಸಿ ಹೋಯಿತು. ಮನೆಗೆ ಬಂದವರೇ ಗುಡಿಗೆ. “ಅದರ ಚಕ್ರ ತಿರುಗದ ಹಾಗೆ ಆಗಲಿ!” ಮರುದಿನ ಅದೇ ಬಸ್ಸು ನಿಂತಿತು, ಅತ್ತೆ ಹತ್ತಿದರು, ಹಿಂದಿನ ದಿನದ ದೂರನ್ನು ಪೂರ್ತಿ ಮರೆತು ಕಿಟಕಿಯ ಬದಿ ಕೂತರು. ಬೆಳ್ಮಣ್ಣಿನ ಹತ್ತಿರ ಠಪ್ಪೆಂದು ಟಯರ್ ಸಿಡಿಯಿತು!

ಉರಿಬಿಸಿಲು. ಬಸ್ಸಿನ ಜನರೆಲ್ಲ ಇಳಿದು ಗೊಣಗುತ್ತಿದ್ದಾರೆ. ಅತ್ತೆ ಕಂಡಕ್ಟರನ ಹತ್ತಿರ ಹೋಗಿ ತಪ್ಪೊಪ್ಪಿಕೊಂಡರು. “ಇದು ನನ್ನಿಂದ ಆದದ್ದು ಮಗಾ.” ಅವನು ಕಣ್ಣು ಕಣ್ಣು ಬಿಟ್ಟ. ಅತ್ತೆ ರಸ್ತೆ ಬದಿಯಲ್ಲಿ ಸೀಯಾಳ ಮಾರುವವನಿಂದ ಒಂದು ತೆಗೆದು, ನಮ್ಮ ಗುಡಿ ಇರುವ ದಿಕ್ಕಿಗೆ ತೋರಿಸಿ, ಮಂತ್ರ ಹೇಳಿ, ಅವನ ಕೈಗೆ ಕೊಟ್ಟರು. ಅವನು ಕುಡಿದು ಬಾಯಿ ಒರೆಸಿಕೊಂಡು ಹೇಳಿದ, “ಅಜ್ಜೀ, ನಿಮ್ಮ ದೂರಿಗಿಂತ ಮೊದಲೇ ಈ ಟಯರ್ ಸತ್ತು ಹೋಗಿತ್ತು. ಬಸ್ಸಿನ ಧನಿಗಳು ಹೆಣವನ್ನೇ ಓಡಿಸುತ್ತಿದ್ದರು.” ಹಾಗೆ ಹೇಳಿದನೇ ಹೊರತು ಅವನಿಗೂ ಒಳಗೊಳಗೆ ಹೆದರಿಕೆ ಇತ್ತು. ಆಮೇಲೆ ಆ ಬಸ್ಸು ನಮ್ಮ ಸ್ಟಾಪಿನಲ್ಲಿ, ಅತ್ತೆ ಇರಲಿ ಇಲ್ಲದಿರಲಿ, ಒಮ್ಮೆ ನಿಂತೇ ಮುಂದೆ ಹೋಗುತ್ತಿತ್ತು. ಕಂಡಕ್ಟರ್ ಡ್ರೈವರನಿಗೆ ಕೂಗುವುದು ನಾನೇ ಕೇಳಿದ್ದೇನೆ: “ನಿಲ್ಲಿಸು ಮಾರಾಯ, ಮೊನ್ನೆ ಟಯರ್ ಹೋಗಿದೆ, ಇನ್ನು ಗೇರ್‌ಬಾಕ್ಸ್ ಹೋದೀತು!”

ಇಷ್ಟು ಹೊತ್ತು ನಗಿಸುತ್ತಾ ಬಂದೆ. ಇನ್ನು ಸ್ವಲ್ಪ ದೂರ ನಗು ಇಲ್ಲ. ಆದರೂ ನನ್ನ ಜೊತೆ ಬನ್ನಿ.

ನನ್ನ ಗಂಡ ವಯರಿಂಗ್ ಕೆಲಸ ಮಾಡುತ್ತಿದ್ದರು. ಆ ಕಾಲದಲ್ಲಿ ನಿಟ್ಟೆಯಲ್ಲಿ ಕಾಲೇಜು ಮಕ್ಕಳಿಗಾಗಿ ಕಟ್ಟಡದ ಮೇಲೆ ಕಟ್ಟಡ ಏಳುತ್ತಿತ್ತು, ಅವರಿಗೆ ಕೈತುಂಬ ಕೆಲಸ. ಬೆಳಿಗ್ಗೆ ಸ್ಕೂಟರ್ ಹೊರಡಿಸುವ ಮೊದಲು ಗುಡಿಯ ಕಡೆ ತಿರುಗಿ ಕೈಮುಗಿಯುವುದು ಅಭ್ಯಾಸ. ಒಂದು ಬೆಳಿಗ್ಗೆ ಹಾಗೆಯೇ ಕೈಮುಗಿದು ಹೋದರು. ಕಾರ್ಕಳದ ಕಡೆಯಿಂದ ಜಲ್ಲಿ ಹೊತ್ತ ಟಿಪ್ಪರ್ ಇಳಿಜಾರಿನಲ್ಲಿ ಬಂತು. ಅಷ್ಟೇ. ಅದಕ್ಕಿಂತ ಹೆಚ್ಚು ಬರೆಯಲಿಕ್ಕೆ ನನಗೆ ಈಗಲೂ ಬರುವುದಿಲ್ಲ.

ಟಿಪ್ಪರಿನ ಡ್ರೈವರ್ ಉತ್ತರ ಕರ್ನಾಟಕದವನು. ಪೊಲೀಸರು ಕೇಸು ಹಾಕಿದರು, ಆಮೇಲೆ ಜಾಮೀನಿನಲ್ಲಿ ಬಿಟ್ಟರು. ನನಗೆ ಬೇಕಾದದ್ದು ಅದಲ್ಲ. ನಾನು ಅತ್ತೆಯ ಹಿಂದೆ ಬಿದ್ದೆ.

“ಕೋಳಿಗೆ ದೂರು ಕೊಟ್ಟಿರಿ. ಬಸ್ಸಿಗೆ ಕೊಟ್ಟಿರಿ. ಮಗನಿಗೆ ಒಂದು ಕೊಡಲಿಕ್ಕೆ ಆಗುವುದಿಲ್ಲವಾ ಅತ್ತೆ?”

“ಕೊಡುತ್ತೇನೆ. ಇವತ್ತು ಬೇಡ.”

ಮರುದಿನವೂ ಅದೇ ಉತ್ತರ. ಬೇಲಿ ಮುರಿದದ್ದಕ್ಕೆ ಓಡುತ್ತಿದ್ದ ಕಾಲುಗಳು ಈಗ ಗುಡಿಯ ಕಡೆ ಏಳುತ್ತಲೇ ಇರಲಿಲ್ಲ. ನನಗೆ ಸಿಟ್ಟು ಬಂತು. “ನೀವು ಹೇಳದಿದ್ದರೆ ನಾನೇ ಹೋಗಿ ಹೇಳುತ್ತೇನೆ!”

ಅತ್ತೆ ನನ್ನ ಕೈ ಹಿಡಿದರು. “ಬೇಡ ಮಗಾ. ನೀನು ಹೇಳಿದರೆ ವಾಪಸ್ ತೆಗೆಯಲಿಕ್ಕೆ ನಿನಗೆ ಬರುವುದಿಲ್ಲ. ಅದಕ್ಕೆ ಅಭ್ಯಾಸ ಬೇಕು.”

ಹೀಗಿರುವಾಗ ಒಂದು ದಿನ ಆ ಡ್ರೈವರನೇ ಬಂದ. ಅಂಗಳದ ಕೊನೆಯಲ್ಲಿ, ತಲೆಗೆ ಟವೆಲ್ ಸುತ್ತಿಕೊಂಡು, ಕೂರಬೇಕೋ ನಿಲ್ಲಬೇಕೋ ಗೊತ್ತಾಗದೆ ನಿಂತಿದ್ದ. ನಾನು ಜಗಲಿಯಲ್ಲಿ ಕಂಬ ಹಿಡಿದುಕೊಂಡೆ.

“ಅವ್ವಾರ,” ಎಂದ ಅತ್ತೆಗೆ, “ನೀವು ನನ್ನ ಮ್ಯಾಲ ದೈವಕ್ಕ ದೂರು ಕೊಟ್ಟೀರಂತ ಕ್ವಾರಿಯಾಗ ಎಲ್ಲಾರೂ ಅಂತಾರ್ರೀ. ನಿಮ್ಮ ದೂರು ಹುಸಿ ಆಗೂದಿಲ್ಲಂತ. ನಾ ಬೇಕಂತ ಮಾಡಿಲ್ರೀ. ಬ್ರೇಕ್ ಹಿಡೀಲಿಲ್ರೀ. ನನಗ ಏನರ ಆಗ್ಲಿ. ನನ್ನ ಕೂಸಿಗಿ ಜ್ವರ ಬಿಡವಲ್ದು. ಕೂಸಿನ ಬಿಟ್ಟುಬಿಡಾಕ ಹೇಳ್ರೀ.”

“ನಾನು ದೂರೇ ಕೊಟ್ಟಿಲ್ಲ ಮಗಾ,” ಎಂದರು ಅತ್ತೆ.

“ಹಂಗನ್ನಬ್ಯಾಡ್ರೀ ಅವ್ವಾರ. ವಾಪಸ್ ತಗೋರ್ರೀ.”

“ಕೊಡದ ದೂರನ್ನು ವಾಪಸ್ ತೆಗೆಯುವುದು ಹೇಗೆ ಮಾರಾಯ?”

“ಹಂಗಾರ ಒಮ್ಮಿ ಕೊಟ್ಟು, ಆಮ್ಯಾಲ ವಾಪಸ್ ತಗೋರ್ರೀ!”

ಆ ಹೊತ್ತಿನಲ್ಲೂ ಅತ್ತೆಯ ತುಟಿಯ ಮೂಲೆ ಒಮ್ಮೆ ಅಲುಗಿದ್ದನ್ನು ನಾನು ಕಂಡೆ. “ಬಾ,” ಎಂದರು ಅವನಿಗೆ. ನನ್ನ ಕಡೆ ತಿರುಗಿ, “ನೀನೂ ಬಾ.”

ದೀಪ ಹಚ್ಚಿದರು. ಸೆರಗು ಹೊದ್ದುಕೊಂಡು ತುಳುವಿನಲ್ಲಿ ಶುರು ಮಾಡಿದರು. ಅವನು ಏನೂ ಅರ್ಥವಾಗದೆ ಇನ್ನಷ್ಟು ಹೆದರಿ ಅತ್ತೆಯ ಮುಖ, ನನ್ನ ಮುಖ ನೋಡಲಿಕ್ಕೆ ಹಿಡಿದ. ಅತ್ತೆ ಅವನನ್ನು ನೋಡಿದರು, ಮಾತು ನಿಲ್ಲಿಸಿದರು. ಆಮೇಲೆ ಅವರ ಜೀವನದಲ್ಲಿ ಒಂದೇ ಒಂದು ಸಲ ದೈವದ ಹತ್ತಿರ ಕನ್ನಡದಲ್ಲಿ ಮಾತಾಡಿದರು.

“ನೋಡು, ಇವನಿಗೆ ಅರ್ಥ ಆಗಬೇಕು, ಅದಕ್ಕೆ ಕನ್ನಡದಲ್ಲಿ ಹೇಳುತ್ತೇನೆ, ನೀನು ಹೇಗಾದರೂ ತಿಳಿದುಕೋ. ನನಗೆ ಒಬ್ಬನೇ ಮಗ. ದಿನಾ ನಿನಗೆ ಕೈಮುಗಿದು ಹೋಗುತ್ತಿದ್ದ. ಅವತ್ತೂ ಮುಗಿದಿದ್ದ, ನಾನು ನೋಡಿದ್ದೇನೆ. ಇವನ ಗಾಡಿಗೆ ಬ್ರೇಕ್ ಇರಲಿಲ್ಲವಂತೆ. ನಿನಗೆ ಕಣ್ಣು ಇರಲಿಲ್ಲವಾ? ಕೋಳಿ ಕದ್ದವನನ್ನು ಹಿಡಿಯಲಿಕ್ಕೆ ಓಡುವವ ನೀನು, ಅವತ್ತು ಎಲ್ಲಿಗೆ ಹೋಗಿದ್ದೆ? ನನ್ನ ದೂರು ಇವನ ಮೇಲೆ ಅಲ್ಲ. ಇವನ ಮಕ್ಕಳ ಮೇಲೆ ಅಲ್ಲ. ನಿನ್ನ ಮೇಲೆ. ನೀನೇ ನೋಡಿಕೋ!”

ತನ್ನ ಮೇಲಿನ ದೂರನ್ನು ತಾನೇ ನೋಡಿಕೊಳ್ಳಬೇಕಾಗಿ ಬಂದ ನ್ಯಾಯಾಧೀಶನನ್ನು ನೀವು ಎಲ್ಲಾದರೂ ಕಂಡಿದ್ದೀರಾ? ನಾನು ಕಂಡಿದ್ದೇನೆ. ನಮ್ಮ ಹಿತ್ತಲಿನಲ್ಲಿ.

ಅತ್ತೆ ಕಣ್ಣು ಒರೆಸಿಕೊಂಡು ಅವನಿಗೆ ಹೇಳಿದರು, “ಕೇಳಿದೆಯಲ್ಲ? ನಿನ್ನ ಮೇಲೆ ಏನೂ ಇಲ್ಲ. ಕೋರ್ಟಿನದ್ದು ಕೋರ್ಟು ನೋಡಿಕೊಳ್ಳುತ್ತದೆ, ಅದನ್ನು ನೀನು ಅನುಭವಿಸಬೇಕು. ಮನುಷ್ಯರ ಶಿಕ್ಷೆಗೆ ಒಂದು ಕೊನೆ ಉಂಟು. ಮಗುವನ್ನು ನಾಳೆಯೇ ಮಣಿಪಾಲಕ್ಕೆ ಒಯ್ದು ಡಾಕ್ಟರಿಗೆ ತೋರಿಸು. ನಿನಗೆ ಸೀಯಾಳ ಕೊಡುವುದಿಲ್ಲ. ಕೊಟ್ಟರೆ ಮತ್ತೆ ಸಂಶಯಪಡುತ್ತಿ. ಒಳಗೆ ಬಂದು ಗಂಜಿ ಉಣ್ಣು.”

ಗಂಜಿ ಬಡಿಸಿದವಳು ನಾನೇ. ಅತ್ತೆ ಹೇಳಿದ ಮೇಲೆ ಬಡಿಸದೆ ಇರಲಿಕ್ಕೆ ಆಗುತ್ತದಾ? ಆದರೆ ಉಪ್ಪಿನಕಾಯಿ ಹಾಕಲಿಲ್ಲ. ಭರಣಿ ಪಕ್ಕದಲ್ಲೇ ಇತ್ತು. ಹಾಕಲಿಲ್ಲ. ನನ್ನ ಕೈಯಲ್ಲಿದ್ದ ನ್ಯಾಯ ಅಷ್ಟೇ.

ಮಗುವಿನ ಜ್ವರ ಇಳಿಯಿತು ಎಂದು ಆಮೇಲೆ ತಿಳಿಯಿತು. ಡಾಕ್ಟರ ಔಷಧಿ ಇಳಿಸಿತೋ, ಅತ್ತೆಯ ಕನ್ನಡ ಇಳಿಸಿತೋ, ನನಗೆ ಗೊತ್ತಿಲ್ಲ. ಅವನಿಗೆ ಕೋರ್ಟಿನಲ್ಲಿ ಶಿಕ್ಷೆಯೂ ಆಯಿತು. ಅನುಭವಿಸಿ ಬಂದ ಮೇಲೆ ಅವನು ಸ್ಟಿಯರಿಂಗ್ ಮುಟ್ಟಲಿಲ್ಲ, ಕಾರ್ಕಳದ ಕ್ವಾರಿಯಲ್ಲಿ ಕಲ್ಲು ಹೊರುವ ಕೆಲಸಕ್ಕೆ ಸೇರಿದ.

ಅತ್ತೆ ವಾಪಸ್ ತೆಗೆಯದ ದೂರು ಅದೊಂದೇ. ವರ್ಷ ಕಳೆಯಿತು, ಮತ್ತೊಂದು ಕಳೆಯಿತು, ಸೀಯಾಳ ಮಾತ್ರ ಗುಡಿಗೆ ಹೋಗಲಿಲ್ಲ. ಬೇರೆಯವರ ಮೇಲೆ ದೂರು ಕೊಡುವುದೂ ಪೂರ್ತಿ ನಿಂತುಹೋಯಿತು. “ಮೊದಲಿನ ಕೇಸೇ ಬಾಕಿ ಉಂಟು, ಹೊಸದು ಯಾವ ಮುಖ ಇಟ್ಟುಕೊಂಡು ಕೊಡುವುದು?” ಎನ್ನುತ್ತಿದ್ದರು. ಬಾಯಮ್ಮ ಕೆನ್ನೆಗೆ ಕೈ ಇಟ್ಟುಕೊಂಡು ಕೇಳಿದರು, “ದೇವರ ಮೇಲೇ ದೂರಾ ಅಕ್ಕ? ಪಾಪ ಅಲ್ವಾ?”

“ಮನೆಯವನಲ್ಲವಾ ಬಾಯಮ್ಮ? ಹೊರಗಿನವರಿಗೆ ಹೇಳಿದರೆ ತಡೆದುಕೊಳ್ಳುವುದಿಲ್ಲ. ಅವ ತಡೆದುಕೊಳ್ಳುತ್ತಾನೆ.”

ಇಷ್ಟಾದರೂ ಸಂಜೆಯ ದೀಪ ತಪ್ಪಿಸಿದರೇ? ಇಲ್ಲ! ಒಮ್ಮೆ ನಾನೇ ಕೆಣಕಿದೆ. “ಆರೋಪಿಗೆ ದೀಪ ಯಾಕೆ ಅತ್ತೆ?”

“ಆರೋಪಿ ಎಂದು ಕತ್ತಲಲ್ಲಿ ಕೂರಿಸುತ್ತಾರಾ?” ಎಂದು ನನಗೇ ಗದರಿದರು.

ಕಳೆದ ಮಳೆಗಾಲದಲ್ಲಿ ಅತ್ತೆ ಹಾಸಿಗೆ ಹಿಡಿದರು. ಮಣಿಪಾಲದ ಆಸ್ಪತ್ರೆಯಲ್ಲಿ, ಕೈಗೆ ಸಲೈನ್ ಸೂಜಿ ಚುಚ್ಚಿಸಿಕೊಂಡು, ನರ್ಸಮ್ಮನಿಗೆ ಮಲ್ಲಿಗೆ ಗಿಡಕ್ಕೆ ಎಂಥ ಗೊಬ್ಬರ ಹಾಕಬೇಕು ಎಂದು ಪಾಠ ಮಾಡುತ್ತಿದ್ದವರು ನಾನು ಹೋದ ಕೂಡಲೇ ಹತ್ತಿರ ಕರೆದರು.

“ಅದೊಂದು ಬಾಕಿ ಉಂಟಲ್ಲ. ನೀನು ಹೋಗಿ ವಾಪಸ್ ತೆಗೆ.”

“ಕೊಟ್ಟವರೇ ಬಿಡಿಸಬೇಕು ಎಂಬುದು ಕಾನೂನು. ಗುಣವಾಗಿ ಬಂದು ನೀವೇ ತೆಗೆಯಿರಿ.”

“ನೀನು ನನ್ನ ಪಕ್ಕದಲ್ಲೇ ನಿಂತಿದ್ದೆ. ನಿನ್ನದೂ ಅದೇ ದೂರು. ಹೌದಾ ಅಲ್ಲವಾ?”

ನಾನು ಅವರ ಹೊದಿಕೆ ಸರಿಮಾಡಿದೆ.

“ನೋಡು,” ಎಂದರು, “ನಾನು ಇನ್ನು ಅವನ ಹತ್ತಿರವೇ ಹೋಗುವವಳು. ಮುಖ ನೋಡಬೇಕಲ್ಲ? ಇಬ್ಬರಿಗೂ ಸಂಕೋಚ.”

ನಗಬೇಕೋ ಅಳಬೇಕೋ ತಿಳಿಯಲಿಲ್ಲ. “ನಾನು ತೆಗೆಯುವುದಿಲ್ಲ,” ಎಂದೆ. ಅತ್ತೆ ನನ್ನ ಕೈಯನ್ನು ತಟ್ಟಿ ಕಣ್ಣು ಮುಚ್ಚಿಕೊಂಡರು. ಆ ವಾರವೇ ಹೋದರು.

ಬೊಜ್ಜದ ದಿನ, ಅಂದರೆ ಉತ್ತರಕ್ರಿಯೆಯ ಊಟದ ದಿನ, ಆ ಡ್ರೈವರ್ ಬಂದ. ಮೊದಲಿನ ಹಾಗೆಯೇ ಅಂಗಳದ ಕೊನೆಯಲ್ಲಿ ನಿಂತ. ನಾನೇ ಹೋಗಿ ಕರೆದು ಪಂಕ್ತಿಯಲ್ಲಿ ಕೂರಿಸಿದೆ. ಎಲೆಯ ತುದಿಗೆ ಉಪ್ಪಿನಕಾಯಿ ಹಾಕಿದೆ. ಎರಡು ಹೋಳು. ಅವನಿಗೆ ಅದರ ಅರ್ಥ ಗೊತ್ತಿರಲಿಕ್ಕಿಲ್ಲ.

ಜನರೆಲ್ಲ ಹೋದ ಮೇಲೆ ಪಾತ್ರೆ ಒಳಗಿಡುತ್ತಿದ್ದವನನ್ನು ಕರೆದು ಹೇಳಿದೆ, “ಅಲ್ಲಿ ಕೊಕ್ಕೆ ಉಂಟು. ಒಂದು ಸೀಯಾಳ ಕಿತ್ತು ಕೊಡಿ.”

ಅವನ ಕೈಯಲ್ಲಿದ್ದ ಪಾತ್ರೆ ನಿಂತಿತು. “ಯಾರ ಮ್ಯಾಲ ದೂರಿತ್ರೀ ಅಕ್ಕಾರ?”

“ನಿಮ್ಮ ಮೇಲೆ ಅಲ್ಲ. ಹೆದರಬೇಡಿ.”

ಅವನು ಕಿತ್ತು, ಕತ್ತಿಯಲ್ಲಿ ಮೂತಿ ಕೆತ್ತಿ ಕೊಟ್ಟ. ಸಂಜೆಯಾಗಿತ್ತು. ದೀಪ ಹಚ್ಚಿ, ಸೀಯಾಳವನ್ನು ಗುಡಿಯ ಎದುರಿಟ್ಟು ನಿಂತೆ. ನಿಜ ಹೇಳಬೇಕೆಂದರೆ ನನ್ನ ಬಾಯಿಗೆ ಮೊದಲು ಬಂದದ್ದು ಹೊಸ ದೂರು. ಗಂಡ ಹೋದದ್ದಕ್ಕೆ ಒಂದು ಇತ್ತು, ಈಗ ಅತ್ತೆಯನ್ನು ಕರೆದುಕೊಂಡದ್ದಕ್ಕೆ ಇನ್ನೊಂದು. ದೀಪದ ಎಣ್ಣೆ ಅರ್ಧ ಮುಗಿಯುವ ತನಕ ಹಾಗೆಯೇ ನಿಂತೆ. ಅಭ್ಯಾಸ ಬೇಕು ಎಂದು ಅವರು ಹೇಳಿದ್ದು ಸುಳ್ಳಲ್ಲ.

ಕೊನೆಗೆ ಹೇಳಿದೆ. ತುಳುವಿನಲ್ಲಿ. “ಸಿಟ್ಟಿನಲ್ಲಿ ಹೇಳಿದ್ದು. ಮನಸ್ಸಿಗೆ ಹಚ್ಚಿಕೊಳ್ಳಬೇಡ. ಬಿಟ್ಟುಬಿಡು.”

ಆಮೇಲೆ ಅಭ್ಯಾಸಬಲದಿಂದ ಸೀಯಾಳಕ್ಕೆ ಕೈ ಹಾಕಿದೆ, ಯಾರಿಗೆ ಕೊಡಬೇಕೋ ಅವರ ಹತ್ತಿರ ಒಯ್ಯಲಿಕ್ಕೆ. ಕೈ ಅಲ್ಲೇ ನಿಂತಿತು. ಅದನ್ನು ಒಯ್ಯಬೇಕಾದ ಊರು ಬೇರೆ ಇರಲಿಲ್ಲ. ಕುಡಿಯಬೇಕಾದವ ಎದುರಿಗೇ, ಗುಡಿಯೊಳಗೆ ಇದ್ದ.

“ಕುಡಿ,” ಎಂದೆ. “ಅತ್ತೆ ಕೊಟ್ಟದ್ದು.”